ಗುಳ್ಳೆ ಎದ್ದದ್ದು ಬೇರೆ ಬೆರಳಿಗೆ

ಗೋಡೆಯಾಚೆಯ ಖಾರಾ-ಸೇವು ಕರಿಯುವ ಭಟ್ಟಿಯಲ್ಲಿ ಝಾರಿಯನ್ನು ಕಡಾಯಿಯ ಅಂಚಿಗೆ ಬಡಿಯುವ ಸಪ್ಪಳ ಕೇಳಿತೆಂದರೆ ಸವಣೂರಿನ ಆ ಓಣಿಗೆ ಬೆಳಗಾಯಿತು. ಟಣ್ ಟಣ್ ಎಂದು ಎರಡು ಏಟು, ಎಣ್ಣೆ ಬಸಿಯುವಷ್ಟು ಬಿಡುವು, ಮತ್ತೊಂದು ಏಟು. ಗೋಡೆಯ ಈಚೆಗೆ ಮುದಕವ್ವ ಆ ಸಪ್ಪಳಕ್ಕೇ ಎದ್ದು, ಮುಖ ತೊಳೆದು, ಒಲೆ ಹಚ್ಚಿ ರೊಟ್ಟಿಗೆ ಕೂರುತ್ತಿದ್ದಳು.

ಆ ದಿನವೂ ಕೂತಿದ್ದಳು. ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಮಳೆಗಾಲದಿಂದ ಏನೂ ತಿಳಿಯುತ್ತಿರಲಿಲ್ಲ. ಇದ್ದವು, ಹೇಳಿದರೆ ಮಡಚುತ್ತಿದ್ದವು. ಆದರೆ ಯಾರದೋ ಬೆರಳನ್ನು ತಂದು ತನ್ನ ಅಂಗೈಗೆ ಅಂಟಿಸಿದ ಹಾಗೆ ಅವು ಅವಳಿಗೆ ಪರಕೀಯವಾಗಿದ್ದವು. ರೊಟ್ಟಿಯನ್ನು ಎಡಗೈಯಲ್ಲಿ ತಟ್ಟುತ್ತಿದ್ದಳು, ಬಲಗೈಯನ್ನು ಹಿಟ್ಟು ಒತ್ತಿ ಹಿಡಿಯಲಷ್ಟೇ ಬಳಸುತ್ತಿದ್ದಳು. ಅಂದು ಮರೆತು ಬಲಗೈಯಲ್ಲೇ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಹೋದಾಗ ಕೈ ಜಾರಿ ಹೆಂಚಿನ ಅಂಚಿಗೆ ತಾಗಿತು. ಚುರ್ ಎಂದಿತು.

ಮುದಕವ್ವ ಚೀರಿ ಎದ್ದಳು. ನಡುಬೆರಳನ್ನು ನೀರಿನ ತಂಬಿಗೆಯಲ್ಲಿ ಅದ್ದಿ ಹಿಡಿದು ನಗತೊಡಗಿದಳು. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಗಂಡ ಉಳವಪ್ಪ ಬಾಯ್ತುಂಬ ನೊರೆಯೊಂದಿಗೇ ಓಡಿ ಬಂದ.

"ಏನಾತು? ಯಾಕ ನಗಾಕತ್ತಿ?"

"ಉರಿತ್ರಿ! ನಡುಬೆರಳು ಉರಿತು! ನೋವು ಗೊತ್ತಾತು ನೋಡ್ರಿ!"

"ಕೈ ಸುಟಗೊಂಡು ನಗೋ ಹೆಂಗಸನ್ನ ಇವತ್ತ ನೋಡಿದೆ," ಎಂದ ಉಳವಪ್ಪ. ಆದರೆ ಅವನೂ ನಗುತ್ತಿದ್ದ. ಹುಬ್ಬಳ್ಳಿಯ ಡಾಕ್ಟರು, ನರ ಹೊಲಿದಾಗಿದೆ, ಅದು ಮಣಿಕಟ್ಟಿನಿಂದ ಬೆರಳ ತುದಿಗೆ ಎಲೆಬಳ್ಳಿ ಹಬ್ಬಿದಂತೆ ನಿಧಾನಕ್ಕೆ ಹಬ್ಬಬೇಕು, ಕಾಯಿರಿ ಎಂದಿದ್ದರು. ಬಳ್ಳಿ ತುದಿ ಮುಟ್ಟಿತು ಎಂದುಕೊಂಡರು ಇಬ್ಬರೂ.

ಉಣ್ಣಲು ಕೂತಾಗ ಗುಳ್ಳೆ ಎದ್ದಿತ್ತು. ಎದ್ದದ್ದು ತೋರುಬೆರಳಿಗೆ. ನಡುಬೆರಳು ನೀರಲ್ಲಿ ನೆನೆದು ತಣ್ಣಗೆ, ಚೊಕ್ಕಟವಾಗಿ ಕೂತಿತ್ತು.

ಉಳವಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ನೋಡಿದ. ಒಂದು ಕಡ್ಡಿ ತಂದು, "ಮಾರಿ ಆ ಕಡೆ ತಿರುವು," ಎಂದ. ಗುಳ್ಳೆಯ ಪಕ್ಕ ಮೆಲ್ಲಗೆ ಮುಟ್ಟಿದ.

"ಎಲ್ಲಿ ಮುಟ್ಟೇನಿ?"

"ನಡುಬೆರಳು."

"ಈಗ?"

"ಅದ ನಡುಬೆರಳು. ಎಷ್ಟ ಸಲ ಅದನ್ನ ಮುಟ್ಟತೀರಿ?"

"ನಾ ನಡುಬೆರಳು ಮುಟ್ಟೇ ಇಲ್ಲಲೇ," ಎಂದ ಉಳವಪ್ಪ. "ಲೈನ್‌ಮನ್ ಫೇಸ್ ಅದಲು ಬದಲು ಕೊಟ್ಟಾನ. ಅಡಗಿಮನಿ ಗುಂಡಿ ಒತ್ತಿದ್ರ ಪಡಸಾಲ್ಯಾಗ ಲೈಟು ಹತ್ತಾಕತ್ತೇತಿ."

ಮುದಕವ್ವನಿಗೆ ಆಗ ನಗು ಬರಲಿಲ್ಲ.

ಮುದಕವ್ವನ ತವರು ಹಿರೇಕೆರೂರ ಕಡೆಯ ಹಂಸಭಾವಿ. ಅಜ್ಜಿಯ ಹೆಸರು ಇಟ್ಟಿದ್ದರಿಂದ ಹುಟ್ಟುವಾಗಲೇ ಮುದುಕಿಯಾದಳೆಂದು ಗೆಳತಿಯರು ಕಾಡುತ್ತಿದ್ದರು. ಸವಣೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ವೀಳ್ಯದ ಎಲೆತೋಟವೆಂದರೆ ಏನೆಂದೇ ಗೊತ್ತಿರಲಿಲ್ಲ. ಉಳವಪ್ಪ ತೋಟದಲ್ಲಿ ಬಳ್ಳಿ ಕಟ್ಟುವವನು, ಎಲೆ ಕೊಯ್ಯುವವನು. ಅತ್ತೆ, ಮಹಮ್ಮದಗೌಸನ ಎಲೆಮಂಡಿಯಲ್ಲಿ ಎಲೆ ಎಣಿಸಿ ಕಟ್ಟುವವಳು. ಮಂಡಿಯೆಂದರೆ ಹಳೆಯ ಹಂಚಿನ ಮಾಡಿನ ಉದ್ದ ಕೋಣೆ. ಒಂದು ಗೋಡೆಗೆ ನೀರಿನ ಕಲ್ಲುತೊಟ್ಟಿ, ನಡುವೆ ಒದ್ದೆ ಗೋಣಿತಟ್ಟಿನ ಮೇಲೆ ಎಲೆಯ ರಾಶಿ, ಸುತ್ತ ಕೂತ ಹೆಂಗಸರು. ಅತ್ತೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದಳು.

ಕಲಿಸಿದ್ದು ಬೆರಳ ಸಂದಿಯ ಎಣಿಕೆಯನ್ನು. ಎಡಗೈ ರಾಶಿಯಿಂದ ಒಂದು ಹಿಡಿ ಎಲೆ ಆರಿಸಿ ಎತ್ತಬೇಕು. ಎಡಗೈಗೆ ಹಿಡಿಯ ದಪ್ಪ ರೂಢಿಯಾಗಿರುತ್ತದೆ, ಒಂದೆಲೆ ಹೆಚ್ಚಾದರೂ ಅದಕ್ಕೆ ತಿಳಿಯುತ್ತದೆ. ಆ ಹಿಡಿ ಹೋಗುವುದು ಬಲಗೈಯ ಹೆಬ್ಬೆರಳು-ತೋರುಬೆರಳಿನ ಸಂದಿಗೆ. ಮುಂದಿನ ಹಿಡಿ ತೋರುಬೆರಳು-ನಡುಬೆರಳಿನ ಸಂದಿಗೆ. ಹೀಗೆ ಕಿರುಬೆರಳಿನವರೆಗೆ ಸಂದಿಗಳೆಲ್ಲ ತುಂಬಿದವೆಂದರೆ ಒಂದು ಕಟ್ಟು. ಒಟ್ಟುಗೂಡಿಸಿ, ಬಾಳೆನಾರು ಸುತ್ತಿ ಗಂಟು ಹಾಕುವುದು. ಬಾಯಲ್ಲಿ ಯಾರೂ ಎಣಿಸುವುದಿಲ್ಲ, ಬಾಯಿ ಮಾತಿಗೆ ಬೇಕು. ಕಣ್ಣಲ್ಲಿಯೂ ಎಣಿಸುವುದಿಲ್ಲ. ಕಣ್ಣು ರಾಶಿಯ ಮೇಲಿರಬೇಕು, ತೂತು ಬಿದ್ದ ಎಲೆ, ಕಲೆ ಹಿಡಿದ ಎಲೆ, ತುದಿ ಮುರಿದ ಎಲೆ ಹುಡುಕುತ್ತಿರಬೇಕು. ಯಾವ ಸಂದಿ ತುಂಬಿತು, ಯಾವುದು ಬಾಕಿ ಎನ್ನುವುದನ್ನು ಚರ್ಮವೇ ನೆನಪಿಟ್ಟುಕೊಳ್ಳಬೇಕು.

ಹೊಸ ಸೊಸೆ ಕೈ ನೋಡಿಕೊಂಡರೆ ಅತ್ತೆ ಗಲ್ಲ ಹಿಡಿದು ಮೇಲೆತ್ತುತ್ತಿದ್ದಳು. "ಕೈ ಏನ್ ನೋಡ್ತಿ? ಓಡಿ ಹೊಕ್ಕೈತೇನು? ನನ್ನ ಮಾರಿ ನೋಡು."

ವರುಷಗಳು ಕಳೆದ ಮೇಲೆ ಮುದಕವ್ವನಿಗೆ ತನ್ನದೇ ಗಂಟು ಸಿಕ್ಕಿತು. ಅದು ಆ ಮಂಡಿಯ ರಿವಾಜು. ಹೊಸಬರು ಬಾಗಿಲ ಬಳಿಯ ಸಾಲಿನಲ್ಲಿ ಕೂತು ಸಾದಾ ಗಂಟು ಹಾಕುತ್ತಾರೆ. ಅವರ ಕಟ್ಟನ್ನು ಗೌಸನೇ ಬಿಚ್ಚಿ ಮತ್ತೆ ಎಣಿಸುತ್ತಾನೆ. ಕೈ ಪಳಗಿದವರಿಗೆ ಮಾತ್ರ ತಮ್ಮದೇ ಗಂಟು, ಆ ಗಂಟನ್ನು ಮಂಡಿಯಲ್ಲಿ ಯಾರೂ ಬಿಚ್ಚುವುದಿಲ್ಲ. ಮುದಕವ್ವ ನಾರನ್ನು ಎಡಕ್ಕೆ ತಿರುವಿ, ತುದಿಯನ್ನು ಎಲೆಯ ತೊಟ್ಟುಗಳ ಒಳಗೆ ಬಚ್ಚಿಡುತ್ತಿದ್ದಳು. ಶಿಗ್ಗಾಂವದ ಬಸ್ ನಿಲ್ದಾಣದ ಹಿಂದೆ ಎಲೆ ಅಂಗಡಿ ಇಟ್ಟಿದ್ದ ಭರಮಪ್ಪ ಆ ಗಂಟು ಇದ್ದ ಕಟ್ಟನ್ನೇ ಬೇಡುತ್ತಿದ್ದ. ಮುದಕವ್ವನಿಗೆ ಹೊಲವಿರಲಿಲ್ಲ, ಮನೆಯ ಹಂಚೂ ಅರ್ಧ ಹಳೆಯದು. ಊರಾಚೆ ಹತ್ತು ಮೈಲಿ ದೂರದಲ್ಲಿ ತನ್ನ ಕೈಯನ್ನು ಕಾಣದೆಯೇ ಗುರುತಿಸುವವರಿದ್ದಾರೆ ಎನ್ನುವುದು ಅವಳ ಪಾಲಿನ ಆಸ್ತಿ.

ಕಳೆದ ಮಳೆಗಾಲದಲ್ಲಿ ಅದೇ ಮಂಡಿಯ ಕಲ್ಲುತೊಟ್ಟಿಯ ಬಳಿ ಅವಳು ಜಾರಿ ಬಿದ್ದಳು. ನೆಲಕ್ಕೆ ಊರಿದ ಕೈ ಬಲಗೈ. ಮುನ್ನಾದಿನವಷ್ಟೇ ತೊಡಿಸಿಕೊಂಡ ಹಸಿರು ಗಾಜಿನ ಬಳೆಗಳು ಚೂರಾಗಿ ಮಣಿಕಟ್ಟಿನೊಳಕ್ಕೆ ಇಳಿದವು. ರಕ್ತ ನಿಂತ ಮೇಲೆ ನೋಡಿದರೆ ಗಾಯ ದೊಡ್ಡದೇನಲ್ಲ. ಕಡಿದದ್ದು ಒಳಗಿನ ನರ.

ಶಿಗ್ಗಾಂವದ ಹೆದ್ದಾರಿ ಪಕ್ಕದ ಎಲುಬಿನ ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಫರ್ಹತ ಅದೇ ಓಣಿಯ ಹುಡುಗಿ. ಗುಳ್ಳೆಯ ಸುದ್ದಿ ಕೇಳಿ ಅವಳೇ ಬರಹೇಳಿದಳು. ಗಂಡಹೆಂಡತಿ ಬಸ್ಸು ಹತ್ತಿ ಹೋದರು.

ಫರ್ಹತ ಕಣ್ಣು ಮುಚ್ಚಿಸಿ, ಪೆನ್ಸಿಲಿನ ರಬ್ಬರಿನ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ ಕೇಳುತ್ತ ಹೋದಳು. ಹೆಬ್ಬೆರಳು ಮುಟ್ಟಿದರೆ ಮುದಕವ್ವ ತೋರುಬೆರಳು ಎಂದಳು. ತೋರುಬೆರಳು ಮುಟ್ಟಿದರೆ ನಡುಬೆರಳು. ಕಿರುಬೆರಳು ಮಾತ್ರ ಕಿರುಬೆರಳೇ, ಅದರ ನರ ಬೇರೆ, ಅದಕ್ಕೆ ಏಟು ಬಿದ್ದಿರಲಿಲ್ಲ.

"ಕಾಕಿ, ಬೆರಳಿಗೆ ತಾ ಯಾವ ಬೆರಳು ಅಂತ ಗೊತ್ತಿರೂದಿಲ್ಲ," ಎಂದಳು ಫರ್ಹತ. "ಅದು ಬರೇ ಯಾರೋ ಮುಟ್ಟಿದ್ರು ಅಂತ ಸುದ್ದಿ ಕಳಸ್ತೈತಿ. ಹೆಸರಿಡೂದು ತಲಿ. ಈ ದಾರಿ ಹಿಡದು ಬಂದ ಸುದ್ದಿ ನಡುಬೆರಳಿಂದು ಅಂತ ಅದು ಹುಟ್ಟಿದಾಗಿಂದ ನಂಬೇತಿ. ಈಗ ನರ ಹೊಸದಾಗಿ ಚಿಗಿಯೂ ಮುಂದ ನಡುಬೆರಳಿನ ಎಳಿ ಹೋಗಿ ತೋರುಬೆರಳಿಗೆ ಹತ್ತೇತಿ. ಅದನ್ನ ತಲಿಗೆ ಯಾರು ಹೇಳಬೇಕು?"

"ಅಂದ್ರ ಡಾಕ್ಟ್ರು ತಪ್ಪು ಹೊಲದಾನ," ಎಂದ ಉಳವಪ್ಪ.

"ಇಲ್ರಿ ಕಾಕಾ. ತುದಿಗೆ ತುದಿ ಚಂದ ಕೂಡಿಸ್ಯಾರ. ಒಳಗ ಕೂದಲಕ್ಕಿಂತ ಸಣ್ಣ ಎಳಿ ಎಷ್ಟೋ ಇರತಾವ. ಯಾವ ಎಳಿ ಯಾವ ಸಂದಿ ಹೊಕ್ಕೈತೋ, ಅದು ಯಾರ ಕೈಯಾಗೂ ಇಲ್ಲ."

"ನಮಗೇನ ಹಂಗ ಆಗೂದಿಲ್ಲ ಬಿಡವ್ವ. ನನ್ನ ತೊಗಲು ಖರೇನ ಹೇಳ್ತೈತಿ."

"ಹೌದ್ರಿ? ತೋಳು ಏರಸ್ರಿ ನೋಡೂಣು. ಕಣ್ಣು ಮುಚ್ರಿ."

ಫರ್ಹತ ಅವನ ಮುಂಗೈ ಮೇಲೆ ಎರಡು ಬೆರಳನ್ನು ಇರುವೆ ನಡೆದ ಹಾಗೆ ಮೆಲ್ಲಗೆ ಮೇಲಕ್ಕೆ ನಡೆಸಿದಳು. ಬೆರಳು ಮೊಣಕೈಯ ಒಳಮಡಿಕೆಗೆ ಬಂದ ಕೂಡಲೇ ಹೇಳಬೇಕು. ಉಳವಪ್ಪ ಗಂಭೀರವಾಗಿ ಕೂತ. "ಬಂತು!" ಎಂದು ಕಣ್ಣು ತೆರೆದ. ಬೆರಳು ಇನ್ನೂ ಮಡಿಕೆಯಿಂದ ಎರಡು ಅಂಗುಲ ಕೆಳಗಿತ್ತು.

"ನೀ ಹಿಂದ ಸರಿಸಿದಿ!"

"ಸರಿಸಿಲ್ರಿ. ಕಾಕಿ ನೋಡಾಕತ್ತಾರಲ್ಲ, ಕೇಳ್ರಿ."

"ಇನ್ನೊಮ್ಮೆ," ಎಂದ. ಇನ್ನೊಮ್ಮೆಯೂ ಮೊದಲೇ ಕೂಗಿದ. ಆಮೇಲೆ ಫರ್ಹತ ಅವನ ಬೆನ್ನಿಗೆ ಅಂಗಿಯ ಮೇಲಿಂದ ಬೆರಳೊತ್ತಿ, ಎಷ್ಟೆಂದು ಕೇಳಿದಳು. ಒಂದು ಎಂದ. ಎರಡಿದ್ದವು.

ಮುದಕವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಖರೇ ತೊಗಲಿನ ಮನಶ್ಯಾರು! ಇವರ ಬೆನ್ನ ಮ್ಯಾಲ ಎತ್ತಿನಗಾಡಿ ಹೋದ್ರೂ ಸೈಕಲ್ ಅಂತಾರ."

ಎಲ್ಲರ ಚರ್ಮವೂ ಅಷ್ಟಿಷ್ಟು ತಪ್ಪು ಹೇಳುತ್ತದೆ, ಕಣ್ಣು ತಿದ್ದುತ್ತಿರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ ಎಂದಳು ಫರ್ಹತ. ಮುದಕವ್ವನ ತಲೆಗೂ ಕಣ್ಣೇ ಪಾಠ ಹೇಳಬೇಕು. ದಿನವೂ ಯಾರಾದರೂ ಬೆರಳು ಮುಟ್ಟಬೇಕು. ಮೊದಲು ನೋಡುತ್ತ, ಆಮೇಲೆ ಕಣ್ಣು ಮುಚ್ಚಿ, ಮತ್ತೆ ತೆರೆದು ನೋಡಿ, ಇದು ತೋರುಬೆರಳು ಎಂದು ಬಾಯಿಬಿಟ್ಟು ಹೇಳಬೇಕು.

"ಪೂರ್ತಿ ಸರಿ ಹೋಗತೈತೇನವಾ?"

"ಸಣ್ಣ ಹುಡುಗರಿಗೆ ಹೋಗತೈತಿ. ನಿಮ್ಮ ವಯಸ್ಸಿಗೆ ಸುಮಾರು ಹೋಗತೈತಿ ಕಾಕಿ. ನೋಡಿಕೋಂತ ಮಾಡಿದ್ರ ಸರಿ ಇರತೈತಿ. ಕಣ್ಣು ಬ್ಯಾರೆ ಕಡೆ ಇದ್ರ, ಮಾತಿನ ಭರಾಟ್ಯಾಗ ಇದ್ರ, ಹಳೇ ಹೆಸರು ಹೇಳಿಬಿಡಬಹುದು."

ಮುದಕವ್ವ ಇದನ್ನೆಲ್ಲ ಕೇಳಿದಳು. ಮನೆಗೆ ತಂದದ್ದು ಮಾತ್ರ 'ಸರಿ ಹೋಗತೈತಿ' ಎನ್ನುವಷ್ಟನ್ನೇ.

ಸಂಜೆ ತೋಟದಿಂದ ಬಂದ ಉಳವಪ್ಪ ಹೆಂಡತಿಯ ಎದುರು ಚಾಪೆ ಹಾಸಿ ಕೂರುತ್ತಿದ್ದ. ಹುಣಸೆಬೀಜ, ಬೀಗದ ಕೈ, ಹತ್ತಿಯ ಬತ್ತಿ, ಉಪ್ಪಿನ ಹರಳು, ಕೈಗೆ ಸಿಕ್ಕದ್ದರಿಂದೆಲ್ಲ ಅವಳ ಬೆರಳನ್ನು ಮುಟ್ಟುತ್ತಿದ್ದ. ಒಮ್ಮೊಮ್ಮೆ ಮುಟ್ಟದೆಯೇ "ಎಲ್ಲಿ?" ಎನ್ನುತ್ತಿದ್ದ. ಅವಳು "ನಡುಬೆರಳು" ಎಂದರೆ ಮಕ್ಕಳಂತೆ ಚಪ್ಪಾಳೆ ತಟ್ಟುತ್ತಿದ್ದ. ಅವರಿಬ್ಬರೂ ಮದುವೆಯಾದಾಗಿನಿಂದ ಅಷ್ಟು ಹೊತ್ತು ಒಬ್ಬರ ಕೈ ಒಬ್ಬರು ಹಿಡಿದು ಕೂತದ್ದೇ ಇರಲಿಲ್ಲ. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ, "ಏನ್ ಚಂದ ನಡದೈತಿ ಈ ವಯಸ್ಸಿನಾಗ," ಎಂದು ಹೋಗುತ್ತಿದ್ದರು.

ಬೇಸಿಗೆಯ ಹೊತ್ತಿಗೆ ಬೆರಳುಗಳು ಹಾದಿಗೆ ಬಂದವು. ಕಣ್ಣು ಮುಚ್ಚಿ ಕೇಳಿದರೂ ಬಹಳ ಸಲ ಸರಿ ಹೇಳುತ್ತಿದ್ದಳು. ಹೇಳುವ ಮೊದಲು ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಮೊದಲು ಹಳೆಯ ಹೆಸರು ಬರುತ್ತಿತ್ತು, ಅದನ್ನು ನುಂಗಿ ಹೊಸ ಹೆಸರು ಹೇಳುತ್ತಿದ್ದಳು. ಆ ತಡವನ್ನು ಯಾರಿಗೂ ಹೇಳಲಿಲ್ಲ.

ಮಂಡಿಗೆ ಮರಳಿದ ದಿನ ಅವಳ ಹಳೆಯ ಜಾಗ ಖಾಲಿಯಿತ್ತು. ಪಕ್ಕದಲ್ಲಿ ಕೂರುವ ಗುಲ್ನಾರ ಅಲ್ಲಿ ತನ್ನ ಬುತ್ತಿಯ ಚೀಲ ಇಟ್ಟು ಯಾರನ್ನೂ ಕೂರಗೊಟ್ಟಿರಲಿಲ್ಲ.

"ಬಂದ್ಲಪಾ ನಮ್ಮ ರಾಣಿ. ಎಲ್ಲಿ, ಕೈ ತೋರ್ಸು. ಬಳಿ ಯಾಕ ಹಿಂಗ ಅದಾವು?"

"ಗಾಜು ನೋಡಿದ್ರ ಎದಿ ಝಲ್ಲಂತೈತಿ. ಪ್ಲಾಸ್ಟಿಕ್ ಹಾಕ್ಕೊಂಡೇನಿ."

"ಪ್ಲಾಸ್ಟಿಕ್ ಬಳಿ, ಪ್ಲಾಸ್ಟಿಕ್ ಬೆರಳು," ಎಂದಳು ಗುಲ್ನಾರ. ಇಡೀ ಸಾಲು ನಕ್ಕಿತು. ಮುದಕವ್ವ ಒದ್ದೆ ಎಲೆಯನ್ನು ಎತ್ತಿ ಗುಲ್ನಾರಳ ಮುಖಕ್ಕೆ ನೀರು ಚಿಮ್ಮಿಸಿ ಕೂತಳು.

ಗೌಸ ಬಾಗಿಲಿಂದಲೇ ಕೇಳಿದ, "ಮುದಕಕ್ಕ, ನಾಕು ದಿನ ನೋಡಿಕೋಂತ ಎಣಿಸ್ತೀರೇನು? ಆಮ್ಯಾಲ ಗಂಟು ಹಾಕೀರಂತ."

"ನೋಡಿಕೋಂತ ಎಣಸಾಕ ನಾ ಏನ ನಿನ್ನೆ ಬಂದಾಕಿ ಗೌಸಭಾಯಿ?"

ಬಾಗಿಲ ಸಾಲಿನ ಹೊಸ ಹುಡುಗಿಯರು ಕೈಯ ಮೇಲೆ ಕಣ್ಣು ನೆಟ್ಟು, ತುಟಿ ಅಲುಗಿಸುತ್ತ ಎಣಿಸುತ್ತಿದ್ದರು. ಮುದಕವ್ವ ಆ ಕಡೆ ನೋಡಿ, ತಲೆಯೆತ್ತಿ, ರಾಶಿಯ ಮೇಲೆ ಕಣ್ಣಿಟ್ಟು ಮೊದಲ ಹಿಡಿ ಎತ್ತಿದಳು. ಸಂಜೆಯ ಹೊತ್ತಿಗೆ ಅವಳ ಗಂಟಿನ ಕಟ್ಟುಗಳು ಬುಟ್ಟಿ ತುಂಬಿ ಶಿಗ್ಗಾಂವಕ್ಕೆ ಹೋದವು. ಮರುದಿನವೂ ಹೋದವು. ಗಂಟು ಮೊದಲಿನಂತೆಯೇ ಇತ್ತು. ಎಡಕ್ಕೆ ತಿರುವಿದ್ದು, ತುದಿ ಒಳಗೆ.

ಕೆಲವು ವಾರ ಕಳೆದು ಫರ್ಹತಳಿಗೆ ಕೈ ತೋರಿಸಲು ಶಿಗ್ಗಾಂವಕ್ಕೆ ಹೋದ ಮುದಕವ್ವ ಮರಳುವ ಬಸ್ಸಿಗೆ ಹೊತ್ತಿದ್ದುದರಿಂದ ಭರಮಪ್ಪನ ಅಂಗಡಿಗೆ ಹೋದಳು. ನಿಜ ಹೇಳಬೇಕೆಂದರೆ ಹೊತ್ತಿದ್ದುದು ನೆಪ. ತನ್ನ ಕಟ್ಟು ಮತ್ತೆ ಬರತೊಡಗಿದ್ದಕ್ಕೆ ಅವನು ಏನಾದರೂ ಅನ್ನಬಹುದು, ಅದನ್ನು ಕಿವಿಯಾರೆ ಕೇಳಬೇಕು ಎಂಬ ಆಸೆ ಅವಳಿಗೆ.

ಭರಮಪ್ಪ ಎದ್ದು ಸ್ಟೂಲು ಒರೆಸಿ ಕೊಟ್ಟ, ಚಹಾ ಹೇಳಿದ. ಕೈ ಹೇಗಿದೆ ಎಂದು ಕೇಳಿದ. ಎಲೆಯ ಮಾತು ಎತ್ತಲಿಲ್ಲ. ಅವನ ಸೊಸೆ ಮಂಜುಳಾ ಯಾವಾಗಲೂ ಮುಂದೆ ಕೂತು ಕಟ್ಟು ಬಿಚ್ಚಿ ಒದ್ದೆ ಅರಿವೆಯಲ್ಲಿ ಎಲೆ ಜೋಡಿಸುತ್ತಿದ್ದವಳು, ಅಂದು ಒಳಗೆ ಮೂಲೆಯಲ್ಲಿ ಬೆನ್ನು ಮಾಡಿ ಅಡಕತ್ತಿ ಹಿಡಿದು ಕೂತಿದ್ದಳು. ಕಟ್ಟನ್ನು ಭರಮಪ್ಪನೇ ದಪ್ಪ ಬೆರಳುಗಳಿಂದ ಬಿಚ್ಚುತ್ತಿದ್ದ. ಎಲೆ ಹರಿಯುತ್ತಿತ್ತು.

"ಮಂಜುಳಾ ಬಿಚ್ಚೂದಿಲ್ಲೇನು ಈಗ?"

ಭರಮಪ್ಪ ಬಿಚ್ಚುತ್ತಿದ್ದ ಕಟ್ಟನ್ನು ಕೆಳಗಿಟ್ಟ. "ಬ್ಯಾಡ ಅಂದೇನ್ರಿ. ಕಟ್ಟಿನಾಗ ಎಲಿ ಕಡಿಮಿ ಬರಾಕತ್ತಿದ್ವು. ಒಂದೆರಡಲ್ಲ, ಹಿಡಿ ಹಿಡಿ ಕಡಿಮಿ. ಗೌಸಭಾಯಿಗೆ ಫೋನ್ ಹಚ್ಚಿದೆ. ಯಾರ ಗಂಟು ಅಂತ ಕೇಳಿದ. ಮುದಕವ್ವಂದು ಅಂದೆ. ಅದಕ್ಕ ಅಂವ, ಮುದಕವ್ವನ ಗಂಟಿನಾಗ ಕಡಿಮಿ ಆದ್ರ ಅದನ್ನ ಸವಣೂರಾಗ ಹುಡುಕಬ್ಯಾಡ, ನಿನ್ನ ಮನ್ಯಾಗ ಹುಡುಕು ಅಂತ ಬೈದ. ನಂಗೂ ಹೌದನ್ನಿಸ್ತು. ಇಷ್ಟು ವರ್ಷ ತಪ್ಪದ ಕೈ ಈಗ ತಪ್ಪತೈತೇನು? ಕಟ್ಟು ಬಿಚ್ಚಾಕಿ ಇಕಿ ಒಬ್ಬಾಕಿನ..."

ಒಳಗೆ ಅಡಕತ್ತಿಯ ಸದ್ದು ನಿಂತಿತು.

"ಅತ್ತಿ, ನಿಮ್ಮ ಎಲಿ ನಾ ತಿಂದಿಲ್ರಿ," ಎಂದಳು ಮಂಜುಳಾ, ತಿರುಗದೆಯೇ. "ಎಲಿ ಜಗದ್ರ ನಂಗ ತಲಿ ತಿರಗ್ತೈತಿ. ಈ ಅಂಗಡ್ಯಾಗ ಹೆಂಗ ಬಾಳೇ ಮಾಡ್ತೀಯವಾ ಅಂತ ನಮ್ಮವ್ವ ನಗತಿದ್ಲು. ಕದ್ದು ಮಾರಾಕ ನಾ ಹೊರಗರ ಎಲ್ಲಿ ಹೊಕ್ಕೇನಿ?"

"ಸುಮ್ನಿರವಾ. ಯಾರ ಏನ ಅಂದಾರ ನಿಂಗ," ಎಂದ ಭರಮಪ್ಪ.

"ಯಾರೂ ಏನೂ ಅಂದಿಲ್ರಿ. ಅದಕ್ಕ ಇಲ್ಲಿ ಕುಂತೇನಿ."

ಮುದಕವ್ವ ಚಹಾದ ಲೋಟ ಹಿಡಿದಿದ್ದಳು. ಬಿಸಿ ನಡುಬೆರಳಿಗೆ ತಾಗುತ್ತಿತ್ತು. ಕೆಳಗೆ ನೋಡಿದಳು. ಲೋಟಕ್ಕೆ ಒತ್ತಿದ್ದು ತೋರುಬೆರಳು. ನೋಡಿದ ಮೇಲೆ ಬಿಸಿ ಸದ್ದಿಲ್ಲದೆ ಸರಿದು ತೋರುಬೆರಳಿಗೆ ಬಂತು. ಅವಳು "ಹೌದಾ," ಎಂದಳು. ಯಾರಿಗೆ ಎಂದಳೋ ಅವಳಿಗೇ ತಿಳಿಯಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದಳು.

ಬಸ್ಸಿನ ಕಿಟಕಿಯಲ್ಲಿ ಗೋವಿನಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಅವಳು ಸುಮ್ಮನಿದ್ದರೆ ಯಾರೂ ಅವಳ ಕಡೆ ಬೆರಳು ತೋರುವುದಿಲ್ಲ. ಗೌಸನಿಗೆ ಅನುಮಾನವಿಲ್ಲ, ಭರಮಪ್ಪನಿಗಿಲ್ಲ. ಇನ್ನು ಮುಂದೆ ಸ್ವಲ್ಪ ಹುಷಾರಾಗಿ ಎಣಿಸಿದರಾಯಿತು, ಕಟ್ಟು ತುಂಬಿ ಹೋಗುತ್ತವೆ, ಮಂಜುಳಾಳನ್ನು ಮೂಲೆಗೆ ಕೂರಿಸಿದ ಮೇಲೆ ಕಳವು ನಿಂತಿತು ಎಂದೇ ಮಾವ ಅಂದುಕೊಳ್ಳುತ್ತಾನೆ. ಹಾಗೆ ಅಂದುಕೊಳ್ಳುತ್ತಾನೆ ಎನ್ನುವಲ್ಲಿಗೆ ಅವಳ ಯೋಚನೆ ನಿಂತಿತು. ಸವಣೂರು ಬರುವವರೆಗೂ ಅದು ಅಲ್ಲಿಂದ ಮುಂದೆ ಹೋಗಲಿಲ್ಲ.

ಮರುದಿನ ಮಂಡಿಗೆ ಹೋದವಳೇ ತನ್ನ ಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡಳು. ಶಿಗ್ಗಾಂವಕ್ಕೆ ಹೋಗುವ ಮುನ್ನಾದಿನದ ಸಂಜೆ ಕಟ್ಟಿ ಇಟ್ಟ, ಇನ್ನೂ ಮಾರಾಟಕ್ಕೆ ಹೋಗದ ಕಟ್ಟುಗಳು ಒದ್ದೆ ಗೋಣಿಯ ಅಡಿಯಲ್ಲಿದ್ದವು. ಒಂದನ್ನು ಎತ್ತಿ ತನ್ನದೇ ಗಂಟನ್ನು ಬಿಚ್ಚಿದಳು.

ಇಡೀ ಸಾಲು ಅವಳ ಕಡೆ ತಿರುಗಿತು.

"ಏ, ಹುಚ್ಚು ಹಿಡದೈತೇನ ನಿಂಗ?" ಎಂದಳು ಗುಲ್ನಾರ. "ಹಾಕಿದ ಗಂಟು ಬಿಚ್ಚಾಕತ್ತೀಯಲ್ಲ!"

ಮುದಕವ್ವ ಎಲೆಯನ್ನು ನೆಲದ ಮೇಲೆ ಒಂದೊಂದಾಗಿ ಹಾಸಿದಳು. ಸರಿಯಿತ್ತು. ಇನ್ನೊಂದು ಬಿಚ್ಚಿದಳು, ಸರಿಯಿತ್ತು. ಗುಲ್ನಾರ ಉಸಿರು ಬಿಟ್ಟಳು. ಮುಂದಿನದರಲ್ಲಿ ಒಂದು ಹಿಡಿ ಕಡಿಮೆ. ಅದರ ಮುಂದಿನದು ಸರಿ. ಆಮೇಲೆ ಮತ್ತೊಂದು ಕಡಿಮೆ. ಯಾವುದು ಸುಮ್ಮನೆ ಕೂತು ಕಟ್ಟಿದ್ದು, ಯಾವುದು ಗುಲ್ನಾರಳ ಮಗಳ ಮದುವೆಯ ಮಾತು ಕೇಳುತ್ತ ಕಟ್ಟಿದ್ದು ಎಂದು ಹೇಳಲು ಯಾವ ಗುರುತೂ ಇರಲಿಲ್ಲ. ಗಂಟು ಎಲ್ಲದರ ಮೇಲೂ ಒಂದೇ.

"ಗುಲ್ನಾರ, ನೀ ನನ್ನ ಕೈ ನೋಡಿಕೋಂತ ಇರು. ನಾ ಎಣಿಸ್ತೇನಿ. ನೀ ಏನರ ಮಾತಾಡು."

"ಏನ್ ಮಾತಾಡ್ಲಿ?"

"ಮದವೀದು ಹೇಳು. ಬೀಗರು ಏನಂದ್ರು?"

"ಏನಂತಾರ. ಬಿರಿಯಾನಿಗೆ ಅಕ್ಕಿ ಇಂಥಾದ ಬೇಕಂತ. ತಾವು ದಿನಾ ಅದನ್ನ ಉಂಡಂಗ..." ಗುಲ್ನಾರ ಹೇಳುತ್ತ ಹೋದಳು. ಮುದಕವ್ವ ರಾಶಿಯ ಮೇಲೆ ಕಣ್ಣಿಟ್ಟು, ಹೂಂಗುಟ್ಟುತ್ತ, ಒಂದು ಕಡೆ ನಕ್ಕು, ತೂತೆಲೆ ಒಂದನ್ನು ಆಚೆ ಬಿಸಾಕಿ, ಹಿಡಿ ಹಿಡಿಯಾಗಿ ಬಲಗೈಗೆ ಕೊಡುತ್ತ ಹೋದಳು. ಗುಲ್ನಾರಳ ಮಾತು ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು.

"ಮುದಕವ್ವ. ಇದು ಖಾಲಿ ಐತಿ."

"ಯಾವುದು?"

"ಇದು," ಎಂದು ಗುಲ್ನಾರ ಅವಳ ತೋರುಬೆರಳು-ನಡುಬೆರಳಿನ ಸಂದಿಯಲ್ಲಿ ತನ್ನ ಬೆರಳು ಇಟ್ಟಳು.

ಮುದಕವ್ವ ನೋಡಲಿಲ್ಲ. "ಅದು ತುಂಬೇತಿ," ಎಂದಳು.

"ಇಲ್ಲವಾ. ನನ್ನ ಬೆರಳ ಐತಿ ಅದರಾಗ."

ಆಗ ನೋಡಿದಳು. ಹೆಬ್ಬೆರಳಿನ ಸಂದಿಯಲ್ಲಿ ಒಂದು ಹಿಡಿ, ಕಿರುಬೆರಳಿನ ಕಡೆ ಎರಡು, ನಡುವೆ ಗುಲ್ನಾರಳ ಮದರಂಗಿ ಮಾಸಿದ ಬೆರಳು. ಮೊದಲ ಹಿಡಿ ಹೆಬ್ಬೆರಳ ಬಳಿ ಕೂತು, ತಾನು ಪಕ್ಕದ ಸಂದಿಯಲ್ಲಿದ್ದೇನೆ ಎಂದು ಹೇಳಿತ್ತು. ಅವಳು ನಂಬಿ ಮುಂದಕ್ಕೆ ಹೋಗಿದ್ದಳು.

ಗೌಸನನ್ನು ಕರೆಸಿದಳು. ಬಿಚ್ಚಿದ ಕಟ್ಟುಗಳನ್ನು ತೋರಿಸಿದಳು, ಶಿಗ್ಗಾಂವದಲ್ಲಿ ಕಂಡದ್ದನ್ನು ಹೇಳಿದಳು. ಗೌಸ ಟೋಪಿ ತೆಗೆದು ತಲೆ ಸವರಿಕೊಂಡ. ಕೆಟ್ಟ ಮನುಷ್ಯನಲ್ಲ ಅವನು. ಅವಳು ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಹುಬ್ಬಳ್ಳಿಗೆ ಬಂದು ಹೋದವನು. ಸ್ವಲ್ಪ ಯೋಚಿಸಿ ಅವನು ಒಂದು ದಾರಿ ಹೇಳಿದ.

"ಮುದಕಕ್ಕ, ಹಿಂಗ ಮಾಡೂಣು. ಗುಲ್ನಾರ ಎಣಿಸ್ತಾಳ. ಗಂಟು ನೀವು ಹಾಕ್ರಿ. ಎಲಿ ಬರೋಬ್ಬರಿ ಇರತಾವು, ಗಂಟೂ ನಿಮ್ಮದ ಇರತೈತಿ. ಭರಮಪ್ಪಗ ಏನ ಹೇಳೂ ಗರಜಿಲ್ಲ. ಎಲ್ಲಾರ ಮಾನಾ ಉಳೀತೈತಿ."

ಗುಲ್ನಾರ ತಲೆಯಾಡಿಸಿದಳು. ಅವಳಿಗೂ ಅದು ಒಳ್ಳೆಯದೆಂದೇ ಕಂಡಿತು.

"ಎಣಿಸಾಕಿ ಒಬ್ಬಾಕಿ, ಹೆಸರು ಇನ್ನೊಬ್ಬಾಕಿದು," ಎಂದಳು ಮುದಕವ್ವ. "ಮುಟ್ಟಿದ್ದೊಂದು ಬೆರಳು, ಉರಿದಿದ್ದೊಂದು ಬೆರಳು. ಅದ ಆತಲ್ಲ ಗೌಸಭಾಯಿ. ಈ ರೋಗಾ ನಂಗ ಬಂದೈತಿ, ಮಂಡಿಗೆ ಯಾಕ ಹಚ್ತೀರಿ?"

ಗೌಸ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. "ಹಂಗಲ್ಲ ಅಕ್ಕ..."

"ಗುಲ್ನಾರ ಎಣಿಸಿದ್ರ ಗುಲ್ನಾರನ ಗಂಟು ಹಾಕಲಿ. ಶಿಗ್ಗಾಂವದವರು ಆಕಿ ಗಂಟು ಗುರ್ತು ಹಿಡೀಲಿ. ಆಕಿ ಕೈಗೇನಾಗೈತಿ?"

ಇಷ್ಟು ಹೇಳಿ ತನ್ನ ಬುಟ್ಟಿಯಲ್ಲಿ ಉಳಿದಿದ್ದ ಕಟ್ಟುಗಳ ನಾರನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಬಿಚ್ಚುವಾಗ ಕೈಯನ್ನೇ ನೋಡುತ್ತಿದ್ದಳು. ಎಲೆಗಳು ರಾಶಿಗೆ ಬಿದ್ದು ಬೇರೆ ಎಲೆಗಳ ಜೊತೆ ಸೇರಿದವು. ಬಾಗಿಲ ಸಾಲಿನಲ್ಲಿ ಒಬ್ಬ ಹುಡುಗಿ ಎಣಿಕೆ ತಪ್ಪಿಸಿಕೊಂಡು ಮೊದಲಿನಿಂದ ಶುರುಮಾಡಿದಳು.

ಎಲ್ಲ ಮುಗಿದ ಮೇಲೆ ಮುದಕವ್ವ ತೊಟ್ಟಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಚೀಲ ಎತ್ತಿದಳು.

"ಎಲ್ಲಿ ಹೊಂಟ್ರಿ?" ಎಂದ ಗೌಸ.

"ಶಿಗ್ಗಾಂವಕ್ಕ."

"ನಿನ್ನೆ ಹೋಗಿ ಬಂದೀರಿ. ಬಿಡ್ರಿ, ನಾ ಭರಮಪ್ಪಗ ಫೋನ್ ಮಾಡ್ತೇನಿ. ಬೈದಾಂವ ನಾ, ತಪ್ಪಾತು ಅಂತ ನಾನ ಹೇಳ್ತೇನಿ."

"ಫೋನಿನಾಗ ಹೇಳಿದ್ರ ಭರಮಪ್ಪ ಕೇಳ್ತಾನ. ಮೂಲ್ಯಾಗ ಕುಂತಾಕಿ ಕೇಳೂದಿಲ್ಲ."

"ಅಲ್ರಿ ಅಕ್ಕ, ನಾಳೆ ಕೆಲಸಕ್ಕರ ಬರ್ತೀರಿಲ್ಲೋ? ಎಲ್ಲಿ ಕುಂದ್ರತೀರಿ, ಏನ ಮಾಡ್ತೀರಿ, ಒಂದ ಮಾತು ಹೇಳಿ ಹೋಗ್ರಿ."

"ಬರ್ತೇನಿ. ಆ ಹುಡುಗ್ಯಾರ ಸಾಲಿನಾಗ ನಂಗೊಂದೀಟು ಜಾಗಾ ಬಿಡಸ್ರಿ, ಆಮ್ಯಾಲ ನನ್ನ ಕಟ್ಟು ನೀವು ದಿನಾ ಬಿಚ್ಚಿ..." ಎನ್ನುತ್ತಲೇ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದಳು. ಸ್ಟ್ಯಾಂಡಿನ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಮಾತನ್ನು ಅಲ್ಲೇ ಬಿಟ್ಟು, ಸೆರಗು ತಲೆಗೆಳೆದುಕೊಂಡು, ಬಿರಬಿರನೆ ನಡೆದುಬಿಟ್ಟಳು.